ಸಮುದ್ರದ ಮಾತು

ಮುಂಬಯಿಯಲ್ಲಿ ರೈಲು ಬದಲಿಸುವಾಗ ನಡುವೆ ಒಂದು ಹಗಲು ಸಿಕ್ಕರೆ ಏನೇನು ನೋಡಬೇಕು ಎಂದು ಮಸ್ಕಿಯಲ್ಲಿ ಯಾರಿಗಾದರೂ ಪ್ರಶ್ನೆ ಬಂದರೆ ಅವರು ಶೇಖರಮ್ಮನ ಮನೆಗೆ ಬರುತ್ತಿದ್ದರು. ಸಿಂಧನೂರಿನಿಂದಲೂ ಬಂದದ್ದುಂಟು, ಲಿಂಗಸುಗೂರಿನಿಂದಲೂ ಬಂದದ್ದುಂಟು. ಬಂದವರಿಗೆ ಆಕೆ ಮೊದಲು ಚಹಾ ಕೊಡುತ್ತಿದ್ದಳು, ಆಮೇಲೆ ಒಂದೇ ಮಾತು ಹೇಳುತ್ತಿದ್ದಳು: “ಮದ್ಲ ಸಮುದ್ರ ನೋಡ್ರಿ. ಹೊತ್ತು ಉಳಿದ್ರ ಉಳಿದದ್ದು.” ಅಷ್ಟು ದೂರದಿಂದ ಬಂದವರಿಗೆ ಇದು ಸಾಲುತ್ತಿರಲಿಲ್ಲ. ಇನ್ನೇನಾದರೂ ಹೇಳಿಯಾಳು ಎಂದು ಕುಳಿತೇ ಇರುತ್ತಿದ್ದರು. ಆಕೆ ಇನ್ನೊಂದು ಕಪ್ಪು ಚಹಾ ಕೊಡುತ್ತಿದ್ದಳೇ ಹೊರತು ಇನ್ನೊಂದು ಮಾತು ಕೊಡುತ್ತಿರಲಿಲ್ಲ.

ಹಾಗೆ ನೋಡಿದರೆ ಶೇಖರಮ್ಮ ದೇಶ ಸುತ್ತಿದ ಹೆಂಗಸೇ ಅಲ್ಲ. ಹುಟ್ಟಿದ್ದು ಲಿಂಗಸುಗೂರಿನಲ್ಲಿ, ಮದುವೆಯಾಗಿ ಬಂದದ್ದು ಮಸ್ಕಿಗೆ, ಮಗಳನ್ನು ಕೊಟ್ಟದ್ದು ಸಿಂಧನೂರಿಗೆ. ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು. ಮಸ್ಕಿಯಲ್ಲಿ ನಿಂತು ಈ ಕಡೆಯ ಬಸ್ಸು ಹತ್ತಿದರೆ ತವರು, ಆ ಕಡೆಯ ಬಸ್ಸು ಹತ್ತಿದರೆ ಮಗಳು. ನಿಜಾಮರ ಆಳ್ವಿಕೆ ಹೋಗಿ ಹೊಸ ಸರಕಾರ ಬಂದರೂ ಆಕೆಯ ರಸ್ತೆ ಅದೇ ಇತ್ತು. ಮೂವತ್ತು ವರ್ಷ ಹೀಗೆ ಹೋಗಿ ಬಂದು ಮಾಡಿದವಳಿಗೆ ಒಂದು ದಿನ ಗಂಡ ಹಂಪಣ್ಣ ಊಟಕ್ಕೆ ಕುಳಿತಾಗ, “ಈ ಸಲ ಕಾಶಿಗಿ ಹೋಗಿ ಬಂದ್ಬಿಡೂಣು” ಎಂದ. ಆಗ ಸಾವಿರದ ಒಂಬೈನೂರ ಐವತ್ತನಾಲ್ಕು, ಸುಗ್ಗಿ ಮುಗಿದಿತ್ತು.

ಹಂಪಣ್ಣನಿಗೆ ಮಸ್ಕಿಯ ಬಜಾರಿನಲ್ಲಿ ಕಿರಾಣಿ ಅಂಗಡಿ. ಒಳ್ಳೆಯ ಮನುಷ್ಯ. ಆದರೆ ಯಾವ ಕೆಲಸವನ್ನೂ ನಾಲ್ಕು ಜನರನ್ನು ಕೇಳದೆ ಮಾಡುವವನಲ್ಲ. ಒಂದು ಕೊಡೆ ಕೊಳ್ಳಬೇಕಾದರೂ ಮೂರು ಊರಿನಲ್ಲಿ ವಿಚಾರಿಸಿ, ಆ ವಿಚಾರಣೆಯಲ್ಲೇ ಮಳೆಗಾಲ ಕಳೆದುಬಿಡುತ್ತಿದ್ದ. ಕಾಶಿಯಲ್ಲಿ ಏನು ಮಾಡಬೇಕೆಂಬುದು ಅವನಿಗೆ ಗೊತ್ತಿತ್ತು. ಅದಕ್ಕೆ ಮಠ ಇತ್ತು, ಅಯ್ಯನವರಿದ್ದರು. ಅವನ ತಲೆ ತಿಂದದ್ದು ಮುಂಬಯಿ. ರಾಯಚೂರಿನಿಂದ ಹೊರಟ ಗಾಡಿ ಮುಂಬಯಿ ಮುಟ್ಟುವುದು ಬೆಳಿಗ್ಗೆ ಒಂಬತ್ತಕ್ಕೆ. ಕಾಶಿಯ ದಿಕ್ಕಿನ ಗಾಡಿ ಹೊರಡುವುದು ಸಂಜೆ ಆರಕ್ಕೆ. ನಡುವಿನ ಒಂಬತ್ತು ತಾಸನ್ನು ಏನು ಮಾಡುವುದು?

ಅವನು ಮೊದಲು ಸಿಂಧನೂರಿಗೆ ಹೋದ. ಅಲ್ಲಿ ಶೇಂಗಾ ವ್ಯಾಪಾರದ ಚಾಂದ್‌ಪಾಷಾ ಎಂಬ ಸ್ನೇಹಿತನಿದ್ದ. ತಾಯಿ ಹಾಜಿರಾಬೀಯನ್ನು ಹಜ್ಜಿನ ಹಡಗು ಹತ್ತಿಸಲು ಹೋಗಿ ಮುಂಬಯಿಯಲ್ಲಿ ಮೂರು ದಿನ ಇದ್ದು ಬಂದವನು. ಹಂಪಣ್ಣ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: “ನೋಡ್ರಿ ಹಂಪಣ್ಣೋರ, ಶಹರದಾಗ ಏನರ ನೋಡ್ರಿ, ಬಿಡ್ರಿ. ಸಾಮಾನು ಮಾತ್ರ ಕೈಬಿಡಬ್ಯಾಡ್ರಿ. ಖಬರ್‌ದಾರ್! ಕಣ್ಣು ಮಿಟುಕಿಸಿದ್ರ ಟ್ರಂಕು ಇರಾಂಗಿಲ್ಲ.”

ಆಮೇಲೆ ಲಿಂಗಸುಗೂರಿಗೆ ಹೋದ. ಅಲ್ಲಿ ತಹಸೀಲ ಕಚೇರಿಯ ಗುಮಾಸ್ತ ಮರಿಸ್ವಾಮಿ. ಶೇಖರಮ್ಮನ ತವರಿನ ಓಣಿಯವನು. ಈತ ರಾಯಚೂರಿನಿಂದ ಆಚೆ ಕಾಲಿಟ್ಟವನಲ್ಲ. ಆದ್ದರಿಂದಲೋ ಏನೋ, ಮುಂಬಯಿಯ ವಿಷಯ ಅವನಷ್ಟು ಯಾರಿಗೂ ಗೊತ್ತಿರಲಿಲ್ಲ. ಕಚೇರಿಯ ಹಳೆಯ ಉರ್ದು ಕಾಗದವೊಂದರ ಹಿಂಬದಿಯಲ್ಲಿ ಗೆರೆ ಎಳೆದು, ಒಂದರಿಂದ ಹನ್ನೊಂದರವರೆಗೆ ಅಂಕಿ ಹಾಕಿ, ಪ್ರತಿಯೊಂದರ ಮುಂದೆ ನಿಮಿಷಗಳನ್ನೂ ಬರೆದು ಕೊಟ್ಟ. ಸ್ಟೇಷನ್ನನ್ನೇ ಹೊರಗೆ ನಿಂತು ನೋಡುವುದು, ಹತ್ತು ನಿಮಿಷ. ದೊಡ್ಡ ಮಾರ್ಕೆಟ್ಟು, ಮೂವತ್ತು ನಿಮಿಷ. ಮ್ಯೂಸಿಯಂ, ನಲವತ್ತು. ರಾಣಿಬಾಗ್ ಎಂಬ ಪ್ರಾಣಿತೋಟದ ಹುಲಿ, ಇಪ್ಪತ್ತೈದು. ಹೀಗೇ ಸಾಗಿ ಹತ್ತನೆಯದಾಗಿ “ಸಮುದ್ರ, ಹೊತ್ತು ಉಳಿದರೆ” ಎಂದಿತ್ತು. ಅದರ ಮುಂದೆ ನಿಮಿಷ ಬರೆದಿರಲಿಲ್ಲ. ಹನ್ನೊಂದನೆಯದು, ವಾಪಸು ಸ್ಟೇಷನ್ನು.

ಹಂಪಣ್ಣ ಈ ಕಾಗದವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ. ಶೇಖರಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ಸಮುದ್ರ ಹತ್ತನೆಯದಾಗಿ ಬಂದಾಗ ಮಾತ್ರ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಯಾಕೆಂದರೆ ಹಿಂದಿನ ದಿನವೇ ಆಕೆ ಒಂದು ಮಾತು ಕೊಟ್ಟಾಗಿತ್ತು, ಅದೂ ಅತ್ತೆಗೆ.

ಅತ್ತೆ ಬಸವಣ್ಣೆಮ್ಮನಿಗೆ ಎಂಬತ್ತರ ಮೇಲಾಗಿತ್ತು. ಕಣ್ಣಿಗೆ ಪೊರೆ ಬಂದು ಒಳಕೋಣೆಯ ಹೊರಸಿನ ಮೇಲೆಯೇ ದಿನ ಕಳೆಯುತ್ತಿದ್ದಳು. ನಾಲಿಗೆ ಮಾತ್ರ ಹರೆಯದ್ದು. ಈಕೆ ಹದಿನಾಲ್ಕು ವರ್ಷದ ಮದುಮಗಳಾಗಿ ಮಸ್ಕಿಗೆ ಬಂದಾಗ ಗಂಡ ರಾಚಪ್ಪ ಹತ್ತಿಯ ಬಂಡಿಗಳ ಸಂಗಡ ಘಟ್ಟ ಇಳಿದು, ಕುಮಟೆಯ ಬಂದರಿನವರೆಗೆ ಹೋಗಿ ಬಂದಿದ್ದ. ಹೊಸ ಹೆಂಡತಿಯ ಮುಂದೆ ಹೇಳಿಕೊಳ್ಳಲು ಅವನಲ್ಲಿದ್ದ ದೊಡ್ಡ ಸುದ್ದಿ ಎಂದರೆ, ಸಮುದ್ರದ ನೀರು ಉಪ್ಪು ಎಂಬುದು. ಹುಡುಗಿ ನಂಬಲಿಲ್ಲ. ಒಂದು ಗಡಿಗೆ ಸಾರಿಗೆ ಒಂದು ಚಿಮಟಿ ಹೆಚ್ಚಾದರೆ ಅತ್ತೆಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದವಳು ಆಕೆ. ಅಷ್ಟು ನೀರಿಗೆ ಅಷ್ಟು ಉಪ್ಪು ಯಾರು ಹಾಕಿದರು, ಎಲ್ಲಿಂದ ತಂದರು ಎಂದು ಕೇಳಿದಳು. ರಾಚಪ್ಪನಿಗೆ ನಗು ಬಂತು. ನಕ್ಕದ್ದೇ ತಪ್ಪಾಯಿತು. ಅಂದಿನಿಂದ ಗಂಡ ಏನಾದರೂ ಸ್ವಲ್ಪ ಉಬ್ಬಿಸಿ ಹೇಳಿದರೆ ಸಾಕು, “ಹೂಂ, ಇದೂ ನಿನ್ನ ಸಮುದ್ರದ ಮಾತು” ಎನ್ನುತ್ತಿದ್ದಳು. ಮಕ್ಕಳು ಅದನ್ನು ಕಲಿತರು, ಮೊಮ್ಮಕ್ಕಳು ಕಲಿತರು. ಆ ಮನೆಯಲ್ಲಿ ಸುಳ್ಳಿಗೆ ಸುಳ್ಳು ಎನ್ನುವ ರೂಢಿಯೇ ತಪ್ಪಿ, ಸಮುದ್ರದ ಮಾತು ಎನ್ನುವುದೇ ರೂಢಿಯಾಯಿತು. ರಾಚಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಮಾತು ಹಾಗೆಯೇ ಉಳಿದಿತ್ತು.

ಕಾಶಿಯ ಸುದ್ದಿ ಕೇಳಿದ ಮುದುಕಿ ಸೊಸೆಯನ್ನು ಹತ್ತಿರ ಕರೆದು ದನಿ ಇಳಿಸಿದ್ದಳು. “ಶೇಖ್ರವ್ವ, ಗಂಗಿ ಎಲ್ಲಾರೂ ತರ್ತಾರ. ನೀ ನನಗ ಒಂದ್ ತಂಬಿಗಿ ಸಮುದ್ರ ತಗೊಂಡ್ ಬಾ.”

“ಸಮುದ್ರ ಯಾಕ್ರೀ ಅತ್ತಿ?”

“ನಾ ಇನ್ನ ಎಷ್ಟ್ ದಿನದಾಕಿ? ಅಲ್ಲಿ ಹೋದಮ್ಯಾಲ ನಿಮ್ಮ ಮಾವ ಕೇಳೇ ಕೇಳ್ತಾನ. ಏನಾತು, ಖರೇನೋ ಸುಳ್ಳೋ ಅಂತಾನ. ಏನಂತ ಹೇಳ್ಲಿ?”

“ಉಪ್ಪ ಐತಿ ಅಂತ ಎಲ್ಲಾರೂ ಹೇಳ್ತಾರಲ್ರೀ.”

“ಹೇಳಾವ್ರು ಕುಡ್ದಾರೇನು? ಒಬ್ರು ಹೇಳಿದ್ದ ಇನ್ನೊಬ್ರು ಹೇಳ್ತಾರ. ನೀನೂ ನೆಕ್ಕಿ ನೋಡಿ ಬಂದು ಹೇಳಬ್ಯಾಡ ಮತ್ತ. ನನ್ನ ನಾಲಿಗಿ ನೋಡಬೇಕು. ಖರೇ ಇದ್ರ ಆತನ ಕಾಲಿಗೆ ಬೀಳ್ತೀನಿ. ಸುಳ್ಳಿದ್ರ ಅಲ್ಲೂ ಬಿಡಾಂಗಿಲ್ಲ ಆತನ್ನ.”

ಶೇಖರಮ್ಮ ನಗುತ್ತಲೇ ಹೂಂ ಅಂದಿದ್ದಳು. ಆದರೆ ಮುದುಕಿ ಆಕೆಯ ಕೈ ಹಿಡಿದು, ಬಿಡದೆ, ಎರಡನೆಯ ಸಲ ಹೂಂ ಅನ್ನಿಸಿಕೊಂಡಿದ್ದಳು. ಆ ಎರಡನೆಯ ಹೂಂ ಶೇಖರಮ್ಮನಿಗೆ ಭಾರವಾಗಿತ್ತು.

ಗಾಡಿ ಮುಂಬಯಿಗೆ ಒಂಬತ್ತಕ್ಕೇ ಬಂತು. ಅದೊಂದೇ ಅವತ್ತು ಕಾಗದದ ಪ್ರಕಾರ ನಡೆದದ್ದು. ಹಂಪಣ್ಣ ಲಿಂಗಪೂಜೆಯಾಗದೆ ಹನಿ ನೀರು ಬಾಯಿಗೆ ಹಾಕುವವನಲ್ಲ. ಪೂಜೆಗೆ ಮೊದಲು ಸ್ನಾನ ಆಗಬೇಕು. ಇದು ಮರಿಸ್ವಾಮಿಗೂ ಗೊತ್ತಿದ್ದ ವಿಷಯವೇ, ಆದರೆ ಕಾಗದದಲ್ಲಿ ಅದಕ್ಕೆ ನಿಮಿಷ ಬರೆಯಲು ಅವನು ಮರೆತಿದ್ದ. ಸ್ಟೇಷನ್ನಿನ ನಲ್ಲಿಯ ಮುಂದೆ ಸಾಲು. ಸಾಲು ಕರಗುವ ಹೊತ್ತಿಗೆ ನೀರು ನಿಂತಿತು. ನೀರು ಬರುವ ಹೊತ್ತಿಗೆ ಮತ್ತೆ ಸಾಲು. ಕಡೆಗೂ ಮಿಂದು, ಒಂದು ಮೂಲೆ ಹಿಡಿದು, ಹೋಗುವ ಬರುವವರ ಕಾಲು ತಾಗದಂತೆ ಹೆಂಡತಿ ಟ್ರಂಕು ಹಾಸಿಗೆಗಳನ್ನು ಅಡ್ಡ ಇಟ್ಟು ಕಾದು, ಹಂಪಣ್ಣನ ಪೂಜೆ ಮುಗಿಯಿತು. ಆಕೆಯ ಪೂಜೆ ಐದು ನಿಮಿಷದ್ದು, ಅವನದು ಮುಕ್ಕಾಲು ತಾಸಿನದು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಎದ್ದಾಗ ಹನ್ನೆರಡು ಹೊಡೆದಿತ್ತು. ಹಂಪಣ್ಣ ಕಾಗದ ತೆಗೆದು ನೋಡಿ, “ಇನ್ನೂ ಒಂದನೇದೇ ಆಗಿಲ್ಲಲ್ಲ” ಎಂದು ಕಳವಳಪಟ್ಟ.

ಸಾಮಾನನ್ನು ಸ್ಟೇಷನ್ನಿನಲ್ಲಿ ರಸೀದಿ ಪಡೆದು ಇಟ್ಟು ಹೋಗಬಹುದು ಎಂದು ಪಕ್ಕದ ಪ್ರಯಾಣಿಕನೊಬ್ಬ ಹೇಳಿದ. ಹಂಪಣ್ಣ ಅವನನ್ನೇ ಕಳ್ಳನನ್ನು ನೋಡಿದಂತೆ ನೋಡಿದ. ಚಾಂದ್‌ಪಾಷಾನ ಮಾತು ಅವನ ಕಿವಿಯಲ್ಲಿತ್ತು. ಹೀಗಾಗಿ ಟ್ರಂಕು, ಹಾಸಿಗೆ ಸುರುಳಿ, ಅರವತ್ತು ರೊಟ್ಟಿಯ ಗಂಟು, ಶೇಖರಮ್ಮನ ಮುಚ್ಚಳದ ತಂಬಿಗೆ, ಎಲ್ಲವೂ ಮುಂಬಯಿ ನೋಡಲು ಹೊರಟವು.

ಇಷ್ಟೆಲ್ಲ ಹೊತ್ತುಕೊಂಡು ಮಾರ್ಕೆಟ್ಟಿನೊಳಗೆ ಹೋಗುವುದು ಹೇಗೆ? ಹಂಪಣ್ಣ ಉಪಾಯ ಕಂಡುಕೊಂಡ. ಒಬ್ಬರು ನೋಡುವುದು, ಒಬ್ಬರು ಸಾಮಾನು ಕಾಯುವುದು. ಮೊದಲು ಅವನು ಒಳಗೆ ಹೋದ. ಆಕೆ ಹೊರಗೆ ಟ್ರಂಕಿನ ಮೇಲೆ ಕುಳಿತಳು. ಮೂವತ್ತು ನಿಮಿಷವಾದ ಮೇಲೆ ಬಂದು, ಒಳಗೆ ಎಂಥ ಎಂಥ ಹಣ್ಣು ಇವೆ ಎಂದು ವರ್ಣಿಸಿದ. “ಈಗ ನೀ ಹೋಗು” ಎನ್ನಬೇಕೆಂದು ಬಾಯಿ ತೆರೆದವನು ಗಡಿಯಾರ ನೋಡಿ ಬಾಯಿ ಮುಚ್ಚಿದ. ಅಲ್ಲಿಂದ ಟ್ರಾಂ ಹತ್ತಿ ಮ್ಯೂಸಿಯಮ್ಮಿಗೆ ಬಂದರು. ಅಲ್ಲೂ ಅವನು ಒಳಗೆ, ಆಕೆ ಹೊರಗೆ. ಹೀಗೆ ಎರಡು ಗಂಟೆ ದಾಟುವ ಹೊತ್ತಿಗೆ ಹಂಪಣ್ಣ ಮುಂಬಯಿಯ ಎರಡು ಜಾಗ ನೋಡಿದ್ದ, ಶೇಖರಮ್ಮ ಎರಡು ಬಾಗಿಲು ನೋಡಿದ್ದಳು.

ಟ್ರಂಕಿನ ಮೇಲೆ ಕುಳಿತ ಆಕೆಗೆ ನಿಜಕ್ಕೂ ಅಳು ಬಂತು. ಬಾಗಿಲು ನೋಡಿದ್ದಕ್ಕಲ್ಲ, ಮನೆಯಲ್ಲಿ ಜೀವನವೆಲ್ಲ ಆಕೆ ಬಾಗಿಲಲ್ಲಿ ನಿಂತೇ ಕೇಳಿದವಳು, ಅದು ರೂಢಿಯೇ. ಕಾಗದದಲ್ಲಿ ಇನ್ನೂ ಹುಲಿ ಇತ್ತು, ಗುಡಿ ಇತ್ತು, ತೋಟವಿತ್ತು, ಸಮುದ್ರ ಹತ್ತನೆಯದಾಗಿತ್ತು. ಹೊತ್ತು ಉಳಿಯುವುದಿಲ್ಲ ಎಂದು ಆಕೆಗೆ ಸ್ಪಷ್ಟವಾಗಿ ಗೊತ್ತಾಯಿತು. ಖಾಲಿ ತಂಬಿಗೆ ಹಿಡಿದು ಅತ್ತೆಯ ಮುಂದೆ ನಿಲ್ಲುವುದು ಹೇಗೆ?

ಎದುರಿಗೆ ಕಡಲೆ ಮಾರುವ ಮುದುಕನೊಬ್ಬ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ. ಶೇಖರಮ್ಮನಿಗೆ ಮರಾಠಿ ಬರದು. ಆದರೆ ಮಸ್ಕಿಯಲ್ಲಿ ಪಕ್ಕದ ಮನೆಯ ಬಿಬಿಜಾನಳ ಸಂಗಡ ಗೋಡೆಯ ಮೇಲಿಂದ ಮಾತಾಡಿ ಮಾತಾಡಿ ಕಲಿತ ಉರ್ದು ಮಾತುಗಳಿದ್ದವು. ಸೆರಗು ಸರಿಮಾಡಿಕೊಂಡು, “ಬಾಬಾ, ಸಮಂದರ್ ಕಿಧರ್ ಹೈ?” ಎಂದಳು. ಪರಊರಿನ ಗಂಡಸಿನ ಸಂಗಡ ಆಕೆ ತಾನಾಗಿ ಆಡಿದ ಮೊದಲ ಮಾತು ಅದು. ಮುದುಕ ಎದ್ದೂ ನಿಲ್ಲಲಿಲ್ಲ. ಬೆರಳು ಚಾಚಿ ಬೀದಿಯ ಕೊನೆಯನ್ನು ತೋರಿಸಿದ. ಅಷ್ಟೂ ಹೊತ್ತು ಆಕೆ ಸಮುದ್ರಕ್ಕೆ ಬೆನ್ನು ಮಾಡಿಯೇ ಕುಳಿತಿದ್ದಳು.

ಹಂಪಣ್ಣ ಹೊರಗೆ ಬಂದು, “ಮೂರು ಮೂರು ಸಾವಿರ ವರ್ಷದ ಹಳೇ ಸಾಮಾನು ನೋಡು ಒಳಗ! ನಡಿ ನಡಿ, ಇನ್ನ ಹುಲಿ” ಎಂದ.

“ನಾ ಬರಾಂಗಿಲ್ಲ” ಎಂದಳು ಶೇಖರಮ್ಮ.

“ಏನು?”

“ಹುಲಿ ನೋಡಾಕ ನಾ ಬರಾಂಗಿಲ್ಲ. ಸಮುದ್ರ ಅಲ್ಲೇ ಐತಂತ. ನಾ ಹೊಂಟೀನಿ. ನೀವು ಬೇಕಾದ್ರ ಬರ್ರಿ.”

“ಏ ಇವಳ, ಅದು ಹತ್ತನೇದೈತಿ! ಇದು ಇನ್ನ ನಾಲ್ಕನೇದು!”

ಆಕೆ ತಂಬಿಗೆ ಎತ್ತಿಕೊಂಡು ನಡೆದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಆಕೆ ಗಂಡನಿಗಿಂತ ಮುಂದೆ ನಡೆದದ್ದು ಅದೇ ಮೊದಲು. ಹಂಪಣ್ಣ ಒಂದು ಕ್ಷಣ ಕಾಗದ ನೋಡಿದ, ಒಂದು ಕ್ಷಣ ಹೆಂಡತಿಯ ಬೆನ್ನು ನೋಡಿದ. ಆಮೇಲೆ ಟ್ರಂಕನ್ನು ತಲೆಯ ಮೇಲೆ ಇಟ್ಟು, ಹಾಸಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ, ರೊಟ್ಟಿಯ ಗಂಟನ್ನು ಕೈಯಲ್ಲಿ ತೂಗಾಡಿಸುತ್ತ ಹಿಂದೆ ಓಡಿದ. ಮಸ್ಕಿಯ ಬಜಾರಿನಲ್ಲಿ ಸಾಹುಕಾರ ಎನಿಸಿಕೊಂಡವನನ್ನು ಆ ಬೀದಿಯಲ್ಲಿ ಇಬ್ಬರು ಕೂಲಿಯವನೆಂದು ತಿಳಿದು ಕರೆದರು.

ದೊಡ್ಡ ಕಲ್ಲಿನ ಕಮಾನು, ಅದರ ಬಳಿ ನೀರಿಗೆ ಇಳಿಯುವ ಮೆಟ್ಟಿಲುಗಳು. ಶೇಖರಮ್ಮ ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಮಸ್ಕಿಯ ಕೆರೆ, ಹಳ್ಳ, ತುಂಬಿದ ಬಾವಿ, ಆಕೆ ಕಂಡ ನೀರು ಅಷ್ಟೇ. ಇದಕ್ಕೆ ಆಚೆಯ ದಂಡೆಯೇ ಕಾಣಲಿಲ್ಲ. ಆಕೆಗೆ ಹೆದರಿಕೆಯೂ ಆಯಿತು, ಸಂತೋಷವೂ ಆಯಿತು. ಮೆಲ್ಲಗೆ ಇಳಿದು, ಕೊನೆಯ ಒಣ ಮೆಟ್ಟಿಲ ಮೇಲೆ ಕುಳಿತು, ತಂಬಿಗೆ ತೊಳೆದು, ತುಂಬಿ, ಮುಚ್ಚಳ ಬಿಗಿದಳು. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಉಪ್ಪೆಂದರೆ ಉಪ್ಪು, ಜೊತೆಗೆ ಕಹಿ. “ಮಾವನೋರು ಪಾಪ” ಎಂದುಕೊಂಡಳು.

ಹಂಪಣ್ಣ ಮೆಟ್ಟಿಲ ಮೇಲೆ ಟ್ರಂಕಿಳಿಸಿ ಬೆವರು ಒರೆಸಿಕೊಂಡ. “ಜನ ಕಾಶಿಗಿ ಹೋಗಿ ಗಂಗಿ ತರ್ತಾರ. ನೀ ದಾರ್ಯಾಗಿನ ಉಪ್ಪನೀರು ತುಂಬಾಕತ್ತಿ. ಊರಾಗ ಯಾರಿಗರ ಗೊತ್ತಾದ್ರ ನಗ್ತಾರ” ಎಂದ. ಯಾರಿಗೂ ಹೇಳುವುದಿಲ್ಲ ಎಂದು ಆಕೆ ಒಪ್ಪಿಕೊಂಡಳು. ಅವನು ಮಾತ್ರ ಒಂದು ಹನಿಯನ್ನೂ ಮುಟ್ಟಲಿಲ್ಲ. ಮಡಿಪಂಚೆ ತೋಯ್ದೀತು ಎಂಬ ಹೆದರಿಕೆ. ಕಾಗದವನ್ನು ಇನ್ನೊಮ್ಮೆ ನೋಡಿದ, ಮಡಚಿ ಕಿಸೆಗೆ ಹಾಕಿದ, ಟ್ರಂಕಿನ ಮೇಲೆ ಕುಳಿತ. ಸ್ವಲ್ಪ ಹೊತ್ತಾದ ಮೇಲೆ, “ಸಿಂಧನೂರಿಗಿ ಕಾಲುವಿ ಬರ್ತೈತಿ ಅಂತ ಅಷ್ಟು ಬಡಕೊಳ್ತಾರ. ಇಲ್ಲಿ ನೋಡು, ಕೇಳಾವ್ರೇ ಇಲ್ಲ ಇಷ್ಟ್ ನೀರಿಗಿ” ಎಂದ. ಇಬ್ಬರೂ ಐದು ಗಂಟೆಯವರೆಗೆ ಅಲ್ಲೇ ಕುಳಿತರು. ಸುಮ್ಮನೆ, ಜೊತೆಯಲ್ಲಿ, ಮಾಡುವ ಕೆಲಸವಿಲ್ಲದೆ ಅವರು ಅಷ್ಟು ಹೊತ್ತು ಕುಳಿತದ್ದು ಮದುವೆಯಾದ ಮೇಲೆ ಇರಲೇ ಇಲ್ಲ. ಆಮೇಲೆ ಕುದುರೆಗಾಡಿ ಹಿಡಿದು ಸ್ಟೇಷನ್ನಿಗೆ ಬಂದರು.

ರೈಲಿನಲ್ಲಿ ತಂಬಿಗೆ ಹನಿಯಲಾರಂಭಿಸಿತು. ಶೇಖರಮ್ಮ ಅದನ್ನು ಹಸುಗೂಸಿನ ಹಾಗೆ ನೆಟ್ಟಗೆ ಮಡಿಲಲ್ಲಿ ಇಟ್ಟುಕೊಂಡೇ ಕಾಶಿ ಮುಟ್ಟಿದಳು. ಅಲ್ಲಿ ಗಂಗಾಜಲವನ್ನು ಸಣ್ಣ ತಾಮ್ರದ ಗಿಂಡಿಗಳಲ್ಲಿ ತುಂಬಿ ಬಾಯಿ ಬೆಸೆದು ಕೊಡುವವರಿದ್ದರು. ಒಂದು ಗಿಂಡಿ ಗಂಗೆಗೆ ಕೊಂಡರು. ಆಕೆ ಇನ್ನೊಂದನ್ನು ಕೊಂಡು ಉಳಿದ ಸಮುದ್ರವನ್ನು ಅದರಲ್ಲಿ ಹಾಕಿಸಿ ಬೆಸೆಸಿದಳು. ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಗುರುತಿಗೆಂದು ಸಮುದ್ರದ ಗಿಂಡಿಗೆ ಕೆಂಪು ದಾರ ಕಟ್ಟಿದಳು.

ಕಾಶಿಯಿಂದ ಬಂದವರು ಊರವರನ್ನು ಕರೆದು, ಗಂಗೆಯ ಪೂಜೆ ಮಾಡಿ, ತೀರ್ಥ ಕೊಟ್ಟು ಊಟ ಹಾಕಬೇಕು. ಪೂಜೆಯ ಪಾತ್ರೆ ಎಂದ ಮೇಲೆ ಹುಣಸೆಹಣ್ಣು ಹಚ್ಚಿ ಥಳಥಳ ಬೆಳಗಬೇಕು. ಎಡವಟ್ಟಾದದ್ದು ಇಲ್ಲೇ. ಹಂಪಣ್ಣನ ತಮ್ಮನ ಹೆಂಡತಿ ವೀರಭದ್ರಮ್ಮ ಬಲು ಅಚ್ಚುಕಟ್ಟಿನ ಹೆಂಗಸು. ಪೂಜೆಯ ಹಿಂದಿನ ದಿನ ಎರಡೂ ಗಿಂಡಿ ತೆಗೆದು, ಮಾಸಿದ ಕೆಂಪು ದಾರ ಬಿಚ್ಚಿ ಎಸೆದು, ತಿಕ್ಕಿ ತೊಳೆದು, ವಿಭೂತಿ ಬಳಿದು, ಹೊಸ ಕೆಂಪು ದಾರವೊಂದನ್ನು ಕಟ್ಟಿದಳು. ಯಾವುದಕ್ಕೆ? ಎರಡೂ ಗಂಗೆಯೇ ಎಂದು ತಿಳಿದಿದ್ದ ಆಕೆ ಕೈಗೆ ಮೊದಲು ಸಿಕ್ಕದ್ದಕ್ಕೆ ಕಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಹಂಪಣ್ಣ ದಾರವಿಲ್ಲದ ಗಿಂಡಿಯನ್ನು ಪಡಸಾಲೆಗೆ ಒಯ್ದ. ಶೇಖರಮ್ಮ ದಾರವಿದ್ದ ಗಿಂಡಿಯನ್ನು ಒಡೆಸಿ, ಬಟ್ಟಲಿಗೆ ಬಗ್ಗಿಸಿ, ಒಳಕೋಣೆಗೆ ತಂದಳು. ಮುದುಕಿ ಎದ್ದು ಕುಳಿತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಸುಕ್ಕುಗಟ್ಟಿದ ಮುಖವೆಲ್ಲ ಅರಳಿತು.

“ನಾ ಅಂದಿದ್ದಿಲ್ಲೇನು! ಸಿಹಿ ನೀರು! ಚೊಲೋ ಬಾವಿ ನೀರ್ ಇದ್ದಂಗ ಐತಿ. ಬರ್ತೀನಿ ತಡಿ, ಬಂದು ನಿನ್ನ ಉಪ್ಪು ಇಳಸ್ತೀನಿ” ಎಂದು ಇಪ್ಪತ್ತು ವರ್ಷದ ಹಿಂದೆ ಸತ್ತ ಗಂಡನನ್ನು ಉದ್ದೇಶಿಸಿ ಹೇಳಿ, ಕೈ ತಟ್ಟಿ ನಕ್ಕಳು.

ಶೇಖರಮ್ಮ ಬಟ್ಟಲಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಇದು ಗಂಗೆ. ಹಾಗಾದರೆ ಪಡಸಾಲೆಯಲ್ಲಿ?

ಪಡಸಾಲೆಯಲ್ಲಿ ತೀರ್ಥ ನಡೆದಿತ್ತು. ಆಕೆ ಬಾಗಿಲಿಗೆ ಬಂದು ನೋಡಿದಳು. ಓಣಿಯ ಹಿರಿಯ ಅಮರಗುಂಡಪ್ಪ ಬೊಗಸೆಯೊಡ್ಡಿ ತೆಗೆದುಕೊಂಡು, ಕಣ್ಣು ಮುಚ್ಚಿ ಕುಡಿದ. ಮುಚ್ಚಿದ ಕಣ್ಣು ಒಮ್ಮೆ ಫಕ್ಕನೆ ತೆರೆಯಿತು. ಅಕ್ಕಪಕ್ಕ ನೋಡಿದ. ಯಾರೂ ಏನೂ ಅನ್ನದಿದ್ದನ್ನು ಕಂಡು, “ಶಿವ ಶಿವಾ” ಎಂದು ಮತ್ತೆ ಮುಚ್ಚಿಕೊಂಡ. ಅವನ ಪಕ್ಕದವನೂ ಹಾಗೆಯೇ ಮಾಡಿದ. ಗಂಗೆ ತನ್ನ ಬಾಯಲ್ಲಿ ಮಾತ್ರ ಉಪ್ಪಾದಳು, ಇದು ತನ್ನದೇ ಪಾಪ ಎಂದು ಒಬ್ಬೊಬ್ಬರೂ ತಿಳಿದು, ಒಬ್ಬರಿಗಿಂತ ಒಬ್ಬರು ಹೆಚ್ಚು ಭಕ್ತಿಯಿಂದ ನುಂಗುತ್ತಿದ್ದರು. ಲಿಂಗಸುಗೂರಿನಿಂದ ಊಟಕ್ಕೆಂದೇ ಬಂದ ಮರಿಸ್ವಾಮಿ ಮಾತ್ರ ಧೈರ್ಯವಾಗಿ ಚಪ್ಪರಿಸಿದ. “ಅಸಲ್ ಗಂಗಿ! ಹಿಂಗ ಜರಾ ಒಗರು ಇರಬೇಕು. ಹಿಮಾಲಯದ ಗಿಡಮೂಲಿಕಿ ಸಾರ ಅದು. ನನಗ ಗೊತ್ತು. ಇನ್ನೊಂದೀಟು ಹಾಕ್ರಿ” ಎಂದ. ಮೂಲೆಯಲ್ಲಿ ಕುಳಿತ ಚಾಂದ್‌ಪಾಷಾ ತಾನೂ ಒಂದು ಹನಿ ಮರ್ಯಾದೆಯಿಂದ ತೆಗೆದುಕೊಂಡ. ಮುಂಬಯಿಯ ದಂಡೆಯಲ್ಲಿ ಮೂರು ದಿನ ಕಳೆದವನು ಅವನು. ಹುಬ್ಬು ಹಾರಿತು. ಹಂಪಣ್ಣನನ್ನು ನೋಡಿದ, ಗಿಂಡಿಯನ್ನು ನೋಡಿದ, ಆಮೇಲೆ ಹೆಗಲ ಮೇಲಿನ ವಲ್ಲಿಯಲ್ಲಿ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಕೆಮ್ಮಿದ.

ಶೇಖರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸುಮ್ಮನಿದ್ದರೆ ಯಾರಿಗೂ ತೊಂದರೆಯಿಲ್ಲ. ಗಂಡನ ಮಾನ ಉಳಿಯುತ್ತದೆ, ಊರು ಊಟ ಮಾಡಿ ಹರಸಿ ಹೋಗುತ್ತದೆ, ಅತ್ತೆ ಗೆದ್ದ ಖುಷಿಯಲ್ಲಿ ಕಣ್ಣು ಮುಚ್ಚುತ್ತಾಳೆ. ಮುದುಕಿಯ ಆ ನಗುವನ್ನು ಕಿತ್ತುಕೊಳ್ಳಲು ಆಕೆಗೆ ಮನಸ್ಸೇ ಬರಲಿಲ್ಲ. ಆದರೆ ಅತ್ತೆ ಕೇಳಿದ್ದು ಸಮುದ್ರವನ್ನು, ಖುಷಿಯನ್ನಲ್ಲ. ಎರಡು ಸಲ ಹೂಂ ಎಂದವಳು ತಾನೇ. ಅದಲ್ಲದೆ, ಸುಳ್ಳುಗಾರ ಎನಿಸಿಕೊಂಡೇ ಸತ್ತ ಮಾವನೂ ಒಬ್ಬನಿದ್ದ. ಅವನ ಪರವಾಗಿ ಸಾಕ್ಷಿ ಹೇಳಲು ಈ ಮನೆಯಲ್ಲಿ ಸಮುದ್ರವೆಂದು ತಿಳಿದೇ ಅದರ ರುಚಿ ನೋಡಿದವಳು ಆಕೆಯೊಬ್ಬಳೇ.

ಅಷ್ಟರಲ್ಲಿ ಮರಿಸ್ವಾಮಿ ಮೂರನೆಯ ಸಲ ಕೈ ಚಾಚಿದ. ಗಿಂಡಿ ಬಗ್ಗಿಸಿದ ಹಂಪಣ್ಣನ ಕೈ ನೋಡಿದರೆ ತಳದಲ್ಲಿ ಉಳಿದದ್ದು ಸ್ವಲ್ಪವೇ ಎಂದು ತಿಳಿಯುತ್ತಿತ್ತು. ಶೇಖರಮ್ಮ ಗಂಡಸರು ತುಂಬಿದ ಪಡಸಾಲೆಯ ನಡುವೆ ನೆಟ್ಟಗೆ ನಡೆದು ಬಂದಳು. “ಅತ್ತಿದು ಇನ್ನ ಆಗಿಲ್ರೀ” ಎಂದು ಹೇಳಿ ಗಂಡನ ಕೈಯಿಂದ ಗಿಂಡಿಯನ್ನು ತೆಗೆದುಕೊಂಡು ಒಳಗೆ ಹೋದಳು. ಮರಿಸ್ವಾಮಿಯ ಬೊಗಸೆ ಹಾಗೆಯೇ ಚಾಚಿಕೊಂಡಿತ್ತು.

“ಅತ್ತೀ, ತಪ್ಪಾಗೈತಿ. ಆಗ್ಲೇ ನಾ ಕುಡಿಸಿದ್ದು ಗಂಗಿ. ಸಮುದ್ರ ಇದು.”

ಮುದುಕಿಯ ನಗು ನಿಂತಿತು. ಬಾಯಿ ತೆರೆದಳು. ಶೇಖರಮ್ಮ ಗಿಂಡಿಯ ಕೊನೆಯ ಗುಟುಕನ್ನು ಆಕೆಯ ನಾಲಿಗೆಯ ಮೇಲೆ ಬಗ್ಗಿಸಿದಳು. ಮುದುಕಿ ಅದನ್ನು ಕೂಡಲೇ ನುಂಗಲಿಲ್ಲ. ಬಾಯಲ್ಲೇ ಇಟ್ಟುಕೊಂಡು, ಪೊರೆ ಬಂದ ಕಣ್ಣನ್ನು ಮಾಡಿನ ಕಡೆ ಎತ್ತಿ ಕುಳಿತಳು.

“ಅಯ್ಯ ನನ್ನಪ್ಪ” ಎಂದಳು ಕೊನೆಗೆ. “ಖರೇನ ಉಪ್ಪೈತಿ.”

“ಹೂಂ ರೀ ಅತ್ತಿ.”

“ಮತ್ತ ಹೊರಗ ಕುಡ್ದದ್ದು?”

“ಇದೇ ರೀ.”

“ಊರೆಲ್ಲ?”

“ಊರೆಲ್ಲ. ಲಿಂಗಸೂರ ಮರಿಸ್ವಾಮಿಯೋರು ಎರಡ ಸಲ ಇಸಗೊಂಡ್ರು.”

ಮುದುಕಿಯ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ. ನಕ್ಕು ನಕ್ಕು ಹೊರಸು ಕಿರುಗುಟ್ಟಿತು. ಶೇಖರಮ್ಮನಿಗೂ ತಡೆಯಲಾಗಲಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆಯ ಕಾಲ ಬಳಿ ಕುಸಿದು ಕುಳಿತಳು. ನಗುತ್ತ ನಗುತ್ತಲೇ ಮುದುಕಿ ಅಳುತ್ತಿದ್ದಾಳೆ ಎಂಬುದು ಆಕೆಗೆ ಸ್ವಲ್ಪ ತಡವಾಗಿ ತಿಳಿಯಿತು.

“ನಲವತ್ತೇಳು ವರ್ಷ ಸಂಸಾರ ಮಾಡಿದ್ವಿ” ಎಂದಳು ಬಸವಣ್ಣೆಮ್ಮ. “ಬಂದವರ ಮುಂದ, ಹೋದವರ ಮುಂದ, ಮಕ್ಕಳ ಮುಂದ ಸುಳ್ಳ ಅಂದೆ ಆತಗ. ಒಂದ ದಿನಾರ ಸಿಟ್ಟಿಗೇಳಲಿಲ್ಲ ನೋಡು. ನಗತಿದ್ದ. ಗೊತ್ತಿತ್ತು ಆತಗ, ಖರೇ ಐತಿ ಅಂತ. ಅದಕ್ಕ ನಗತಿದ್ದ.”

ಹೊರಗೆ ಎಲೆ ಹಾಕುವ ಸದ್ದು ಕೇಳಿಸಿತು. ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಸೊಸೆಯ ತಲೆಯ ಮೇಲೆ ಕೈಯಿಟ್ಟಳು.

“ಮಂದಿಗಿ ಏನೂ ಹೇಳಬ್ಯಾಡ, ಉಣ್ಣಲಿ. ಆದ್ರ ನಮ್ಮ ಮನ್ಯಾಗ ಎಲ್ಲಾರಿಗೂ ಹೇಳು. ಇವತ್ತಿನಿಂದ ಸುಳ್ಳಿಗೆ ಸುಳ್ಳು ಅನ್ರಿ. ಸಮುದ್ರದ ಮಾತು ಅಂತ ಯಾರೂ ಅನಬ್ಯಾಡ್ರಿ.”